ಎಷ್ಟ್ ದಿನದ್ದಪಾ ಈ ನೌಕರಿ?

ಇಲ್ಲಿ ಬರೆದು ನಾಲ್ಕು ತಿಂಗಳಾಯ್ತು. ಅರ್ಧಕ್ಕೆ ನಿಂತ ಬರಹಗಳು ಡ್ರಾಫ್ಟಿನಲ್ಲಿ ಹನ್ನೊಂದಿವೆ. ಇದು ಹನ್ನೆರಡನೆಯದಾಗುವ ಮುಂಚೆ, ಸಿಟ್ಟು ಇರುವಾಗಲೇ ಬರೆದು ಮುಗಿಸಿಬಿಡುತ್ತೇನೆ.

ಊರಿಗೆ ಬಂದಿದ್ದೇನೆ, ಲಿಂಗಸುಗೂರಿಗೆ. ಕಳೆದ ಭಾನುವಾರ ತಂಗಿಯನ್ನು ನೋಡಲು ಸಿಂಧನೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಒಗ್ಗರಣಿ, ಮಿರ್ಚಿ, ಚಹಾ ಎಲ್ಲ ಆಯ್ತು. ಹುಡುಗನ ಅಪ್ಪ ನನ್ನ ಕಡೆ ತಿರುಗಿ "ತಾವು ಯಾವ ಕಂಪನ್ಯಾಗ ಅದೀರಿ?" ಅಂದರು. ಹೇಳಿದೆ. "ಹೋದ ವರ್ಷ ಬ್ಯಾರೆ ಯಾವ್ದೋ ಹೆಸರು ಕೇಳಿದ್ನೆಲ್ರಿ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಮಾಮಾ ಅಡ್ಡ ಬಂದರು. "ಸಾಫ್ಟ್‌ವೇರಿನ್ಯಾಗ ಹಂಗ ಬಿಡ್ರಿ, ಕಂಪನಿ ಬಿಟ್ಟಂಗೆಲ್ಲ ಪಗಾರ ಏರತೈತಿ." ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಗಾಡಿ ತಿರುವು ದಾಟಿತೋ ಇಲ್ಲವೋ, ಅದೇ ಮಾಮಾ ಕೇಳಿದರು: "ಎಷ್ಟ್ ದಿನದ್ದಪಾ ಈ ನೌಕರಿ?"

ಲೆಕ್ಕ ಕೊಟ್ಟುಬಿಡುತ್ತೇನೆ. 2019ರಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಹೋದವನು ನಾನು. ಮೊದಲನೆಯ ಕಂಪನಿಯಲ್ಲಿ 14 ತಿಂಗಳು, ಎರಡನೆಯದರಲ್ಲಿ 11, ಮೂರನೆಯದರಲ್ಲಿ 19 (ದಾಖಲೆ!), ನಾಲ್ಕನೆಯದರಲ್ಲಿ 8. ಈಗ ಐದನೆಯದು, ಹತ್ತನೇ ತಿಂಗಳು ನಡೆಯುತ್ತಿದೆ. ನಡುವೆ ಎಲ್ಲ ಸೇರಿ ಒಂದು ವರ್ಷದಷ್ಟು ಖಾಲಿ. ಮಾಮಾ ಹೇಳಿದಂತೆ ಪಗಾರವೇನೂ ಏರಲಿಲ್ಲ. ಎರಡು ಸಲ ಇಳಿದಿದೆ. ನಮ್ಮ ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ 32 ವರ್ಷ ದುಡಿದು ನಿವೃತ್ತನಾದವನು. ಅವನ ಮಗ ಹೀಗೆ. ಊರವರು ಹೋಲಿಸದೇ ಬಿಡುತ್ತಾರಾ?

2024ರಲ್ಲಿ ನನಗೆ ಎಡಿಎಚ್‌ಡಿ ಇದೆ ಅಂತ ಬೆಂಗಳೂರಿನ ಮನೋವೈದ್ಯರೊಬ್ಬರು ಹೇಳಿದರು. ಅದಕ್ಕೂ ಮುಂಚೆ ಇನ್ನೊಬ್ಬ ಡಾಕ್ಟರ್ "ಇಂಜಿನಿಯರಿಂಗ್ ಪಾಸಾಗಿದ್ದೀರಲ್ಲ, ಅದು ಮಕ್ಕಳ ಕಾಯಿಲೆ" ಅಂತ ಹತ್ತು ನಿಮಿಷದಲ್ಲಿ ಸಾಗಹಾಕಿದ್ದರು. ದೊಡ್ಡವರಲ್ಲಿ ಇದನ್ನು ಪತ್ತೆ ಮಾಡುವಾಗ ಬಾಲ್ಯದ ಸಾಕ್ಷಿ ಬೇಕು. 2013ರ ಡಿಎಸ್‌ಎಮ್-5 ಪ್ರಕಾರ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇರಬೇಕು. ಅವ್ವನಿಗೆ ಫೋನ್ ಹಚ್ಚಿ ಕೊಟ್ಟೆ. ಹಾಲಿಗೆ ಕಳಿಸಿದರೆ ಪಾತ್ರೆ ಬಿಟ್ಟು ಬಂದದ್ದು, ಪಾತ್ರೆ ತರಲು ಕಳಿಸಿದರೆ ಚಪ್ಪಲಿ ಬಿಟ್ಟು ಬಂದದ್ದು, ಎಲ್ಲ ಹೇಳಿದಳು. ಡಾಕ್ಟರು ಬರೆದುಕೊಳ್ಳುತ್ತಲೇ ಇದ್ದರು. ನಾಲ್ಕನೇ ಇಯತ್ತೆಯ ಮಾರ್ಕ್ಸ್ ಕಾರ್ಡಿನಲ್ಲಿ ಗುರುಗಳು ಬರೆದ "ಬುದ್ಧಿ ಇದೆ, ಲಕ್ಷ್ಯ ಇಲ್ಲ" ಅನ್ನುವ ಸಾಲನ್ನು ಮನೆಯಲ್ಲಿ ಇಪ್ಪತ್ತು ವರ್ಷ ಬೈಗುಳವಾಗಿ ಬಳಸಿದ್ದರು. ಅವತ್ತು ಅದು ಪುರಾವೆಯಾಯಿತು.

ಕನ್ನಡ ಪೇಪರುಗಳು ಇದನ್ನು 'ಗಮನ ಕೊರತೆ' ಅಂತ ಬರೆಯುತ್ತವೆ. ಹೆಸರೇ ಜನರನ್ನು ತಪ್ಪು ದಾರಿಗೆ ಎಳೆಯುತ್ತದೆ. ಗಮನ ಬೇಕಾದಷ್ಟಿದೆ ಸ್ವಾಮಿ, ಅದರ ನಲ್ಲಿ ಮಾತ್ರ ನನ್ನ ಕೈಯಲ್ಲಿಲ್ಲ. ಮೂರನೇ ಕಂಪನಿಯಲ್ಲಿ ಒಂದು ರಾತ್ರಿ ನಾನು ಆರು ಸಾಲಿನ ರಿಲೀಸ್ ನೋಟ್ಸ್ ಬರೆಯಬೇಕಿತ್ತು. ಆರೇ ಸಾಲು. ಬದಲಿಗೆ ನಾಲ್ಕು ತಾಸು ನಮ್ಮ ಪಕ್ಕದ ಮಸ್ಕಿ ಶಾಸನದ ಬಗ್ಗೆ ಓದುತ್ತಾ ಕೂತೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನ ಹುಡುಕುತ್ತಾ ಬಂದವನಿಗೆ ಆ ಬಂಡೆ ಸಿಕ್ಕಿತು. ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಹಾಗಾಗಿ ಬೇರೆ ಕಡೆಯ ಶಾಸನಗಳ 'ದೇವಾನಾಂಪ್ರಿಯ' ಅಶೋಕನೇ ಅನ್ನುವುದು ಗಟ್ಟಿಯಾಯಿತು. ನೋಡಿ, ಈಗಲೂ ನೆನಪಿದೆ! ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರ್ ಕೇಳಿದಾಗ ನನ್ನ ಹತ್ತಿರ ಅಶೋಕ ಇದ್ದ, ರಿಲೀಸ್ ನೋಟ್ಸ್ ಇರಲಿಲ್ಲ.

ನನ್ನ ಪ್ರತಿ ನೌಕರಿಯೂ ಒಂದೇ ಥರ ಸಾಯುತ್ತದೆ. ಮೊದಲ ಮೂರು ತಿಂಗಳು ನಾನು ಹೀರೋ. ಎಲ್ಲ ಹೊಸದು. ಗೊತ್ತಿಲ್ಲದ ಕೋಡ್, ಯಾರೂ ಮುಟ್ಟದ ಬಗ್. ನಡುರಾತ್ರಿ ಪ್ರೊಡಕ್ಷನ್ ಬಿದ್ದರೆ ನನಗೆ ಹಬ್ಬ. ಐದನೇ ತಿಂಗಳ ಹೊತ್ತಿಗೆ ಹೊಸತನ ಹೋಗುತ್ತದೆ. ಉಳಿಯುವುದು ಶುಕ್ರವಾರದ ಟೈಮ್‌ಶೀಟ್, ಟಿಕೆಟ್ ಅಪ್‌ಡೇಟ್, ಡಾಕ್ಯುಮೆಂಟು, "ಸಂಜೆಯೊಳಗೆ ಕಳಿಸ್ತೀನಿ" ಅಂದ ಮೇಲ್. ಇದರಲ್ಲಿ ಯಾವುದೂ ಕಷ್ಟದ್ದಲ್ಲ. ಅದೇ ಸಮಸ್ಯೆ. ಗುಡ್ಡ ಹತ್ತಿದವನಿಗೆ ಹೊಸ್ತಿಲು ದಾಟಲಿಕ್ಕೆ ಏನು ದಾಡಿ ಅಂತ ಎಲ್ಲರೂ ಕೇಳುತ್ತಾರೆ. ಹೊಸ್ತಿಲ ಮುಂದೆ ಮೂರು ದಿನ ನಿಂತು ಬೆವರುವುದು ನನಗೊಬ್ಬನಿಗೇ ಗೊತ್ತು.

ಆಮೇಲೆ ನಾಚಿಕೆಯ ಪಾಳಿ. ಒಂದು ಮೇಲಿಗೆ ಉತ್ತರ ಕೊಡುವುದು ಮರೆಯುತ್ತದೆ. ಎರಡನೇ ದಿನ ಉತ್ತರದ ಜೊತೆ ಒಂದು ಕ್ಷಮೆ ಸೇರಿಸಬೇಕು. ಐದನೇ ದಿನ ಕ್ಷಮೆಯ ಜೊತೆ ಒಂದು ಕಾರಣ. ಹತ್ತನೇ ದಿನ ಮೇಲ್‌ಬಾಕ್ಸ್ ತೆರೆಯಲು ಕೈ ಬರುವುದಿಲ್ಲ. ಮೂರನೇ ವಾರಕ್ಕೆ ಆ ಮೇಲಿಗೆ ಉತ್ತರ ಬರೆಯುವುದಕ್ಕಿಂತ ರಾಜೀನಾಮೆ ಬರೆಯುವುದು ಸುಲಭ ಅನ್ನಿಸುತ್ತದೆ. ಬರೆಯುತ್ತೇನೆ. ನಾಲ್ಕರಲ್ಲಿ ಮೂರು ನೌಕರಿ ನಾನು ಬಿಟ್ಟದ್ದು ಹೀಗೆ, ಅವರು ತೆಗೆಯುವ ಮುಂಚೆ. "ಬೆಟರ್ ಆಪರ್ಚುನಿಟಿ" ಅಂತ ಕಾರಣ ಕೊಟ್ಟಿದ್ದೇನೆ. ಶುದ್ಧ ಸುಳ್ಳು.

ಒಂದು ಮಾತು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಎರಡನೇ ಕಂಪನಿಯಲ್ಲಿ ನನ್ನ ಪಕ್ಕದ ಸೀಟಿನವನು ದೀಪಾವಳಿಗೆ ಊರಿಗೆ ಹೋಗಲಾಗಲಿಲ್ಲ. ನಾನು ಮುಗಿಸಿದ್ದೇನೆ ಅಂದಿದ್ದ ಸ್ಕ್ರಿಪ್ಟ್ ಮುಗಿದಿರಲಿಲ್ಲ, ಅದನ್ನು ನಾನು ಹೇಳಿರಲೂ ಇಲ್ಲ. ಅವನ ರಜೆ ನನ್ನಿಂದ ಹೋಯಿತು. ಕಾಯಿಲೆಯ ಹೆಸರು ಹೇಳಿದರೆ ಆ ದೀಪಾವಳಿ ವಾಪಸ್ ಬರುವುದಿಲ್ಲ. ಮರೆತದ್ದು ಕಾಯಿಲೆ ಇರಬಹುದು, ಮುಚ್ಚಿಟ್ಟದ್ದು ನಾನು. ಆದರೆ ಯಾಕೆ ಮುಚ್ಚಿಟ್ಟೆ ಅನ್ನುವುದಕ್ಕೆ ಉತ್ತರ ನನ್ನೊಳಗೆ ಮಾತ್ರ ಇಲ್ಲ. ನನ್ನ ಜಗಳ ಇರುವುದು ಅಲ್ಲಿ.

ನಮ್ಮ ಕಡೆ 'ಒಂದ್ ಕಡೆ ಗಟ್ಟಿ ನಿಂತಾನ' ಅನ್ನುವುದು ಗುಣದ ಸರ್ಟಿಫಿಕೇಟು. ಎಚ್ಆರ್‌ನವರಿಗೂ ಅಷ್ಟೇ. ರೆಸ್ಯೂಮೆ ತೆಗೆದು ಮೊದಲು ನೋಡುವುದು ತಿಂಗಳುಗಳ ಲೆಕ್ಕವನ್ನು. ಅಂದರೆ ಹಳ್ಳಿಯ ಕಟ್ಟೆಯೂ ಗಾಜಿನ ಕಟ್ಟಡವೂ ಈ ಒಂದು ವಿಷಯದಲ್ಲಿ ಒಂದೇ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಅಂದರು. ಹಿರಿಯರ ಸಾಧನೆಗೆ ಗೌರವ ಇದೆ, ಆದರೆ ಸರ್, ತಾಸು ಎಣಿಸಿದರೆ ಕೆಲಸ ಅಳೆದಂತಾಗುತ್ತದಾ? ನಾನು ಎಷ್ಟೋ ವಾರ 70 ತಾಸು ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ. ಅದರಲ್ಲಿ ಕೆಲಸ ಆದದ್ದು 20 ತಾಸು, ಉಳಿದದ್ದು ಶುರು ಮಾಡಲಾಗದ ಒದ್ದಾಟ. ಕುರ್ಚಿಯ ಲೆಕ್ಕದಲ್ಲಿ ನಾನು ಆದರ್ಶ ನೌಕರ!

ಇನ್ನೊಂದು ಪಂಗಡ ಇದೆ. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಬಂದರೆ ಆಫೀಸಿನ ಲಿಫ್ಟಿನ ಪಕ್ಕ ಹಸಿರು ರಿಬ್ಬನ್ನಿನ ಪೋಸ್ಟರ್. 'ಮಾತಾಡಿ, ನಾವಿದ್ದೇವೆ.' ನಾಲ್ಕನೇ ಕಂಪನಿಯಲ್ಲಿ ನಾನು ನಂಬಿ ಮಾತಾಡಿದೆ. ಆರು ವಾರಕ್ಕೆ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್ ಕೈಗೆ ಬಂತು. ಎರಡಕ್ಕೂ ಸಂಬಂಧ ಇಲ್ಲವಂತೆ. ಇರಲಿಕ್ಕಿಲ್ಲ ಬಿಡಿ. ಮತ್ತೆ 'ಎಡಿಎಚ್‌ಡಿ ಒಂದು ಸೂಪರ್ ಪವರ್' ಅನ್ನುವ ರೀಲ್ಸ್ ಮಂದಿ. ಅಯ್ಯಾ, ಕರೆಂಟ್ ಬಿಲ್ ಕಟ್ಟಲು ಹಣ ಇದ್ದೂ ಮೂರು ಸಲ ಫ್ಯೂಸ್ ಕೀಳಿಸಿಕೊಂಡವನಿಗೆ ಯಾವ ಪವರ್ರು?

ಇದು ನನ್ನೊಬ್ಬನ ಗೋಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಗಳನ್ನು ಆಧರಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 10 ದೇಶಗಳ ದುಡಿಯುವ ಜನರಲ್ಲಿ ಸರಾಸರಿ ಶೇ. 3.5 ಮಂದಿಗೆ ಎಡಿಎಚ್‌ಡಿ, ಅದರಿಂದ ವರ್ಷಕ್ಕೆ ತಲಾ ಸುಮಾರು 22 ದಿನದ ಕೆಲಸ ನಷ್ಟ, ಚಿಕಿತ್ಸೆ ಪಡೆದವರು ಬೆರಳೆಣಿಕೆ. ಆ ಹತ್ತರಲ್ಲಿ ಭಾರತ ಇಲ್ಲ. ನಮ್ಮಲ್ಲಿ ಇಂಥವರಿಗೆ 'ಸೋಮಾರಿ' ಅನ್ನುವ ಹೆಸರು ಮೊದಲೇ ಇತ್ತಲ್ಲ, ಎಣಿಸುವುದು ಯಾಕೆ?

ಕಾನೂನು ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಓದಿದೆ (ಹೌದು, ಒಂದು ಡೆಡ್‌ಲೈನ್ ರಾತ್ರಿಯೇ). 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಆದವು. ಆಟಿಸಂ ಇದೆ, ಕಲಿಕೆಯ ನ್ಯೂನತೆ ಇದೆ, ಮಾನಸಿಕ ಕಾಯಿಲೆ ಇದೆ. ಎಡಿಎಚ್‌ಡಿ ಅನ್ನುವ ಹೆಸರಿಲ್ಲ. ನೌಕರನ ತೊಂದರೆಗೆ ತಕ್ಕಂತೆ ಕೆಲಸದಲ್ಲಿ ಹೊಂದಾಣಿಕೆ ಮಾಡಿಕೊಡಬೇಕು ಅನ್ನುವ 20ನೇ ಕಲಮು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿಯವರು 21ನೇ ಕಲಮಿನ ಪ್ರಕಾರ ಒಂದು ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು. ನಮ್ಮ ಕಂಪನಿಯದೂ ವೆಬ್‌ಸೈಟಿನಲ್ಲಿ ಚೆಂದ ಇದೆ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆಯಡಿ, ತೊಂದರೆ ದೊಡ್ಡದಿದ್ದರೆ, ಎಡಿಎಚ್‌ಡಿ ಇರುವವನು ಇಂಥ ಹೊಂದಾಣಿಕೆಯನ್ನು ಹಕ್ಕಾಗಿ ಕೇಳಬಹುದು. ನಮ್ಮ ಟೀಮಿನ ಅರ್ಧ ಜನ ಲಂಡನ್ನಿನಲ್ಲಿದ್ದಾರೆ. ಅಲ್ಲೊಬ್ಬನಿಗೆ ನನ್ನದೇ ಕಾಯಿಲೆ. ಮೀಟಿಂಗ್ ಮುಗಿದ ಮೇಲೆ ಅವನಿಗೆ ಎಲ್ಲವನ್ನೂ ಬರೆದು ಕಳಿಸುತ್ತಾರೆ. ಅದೇ ಮೀಟಿಂಗ್, ಅದೇ ಕೋಡ್, ಅದೇ ಮ್ಯಾನೇಜರ್. ನನಗೆ ಮಾತ್ರ "ಸ್ವಲ್ಪ ಫೋಕಸ್ ಮಾಡು."

ಔಷಧದ ಕತೆ ಬೇರೆ. ನನಗೆ ಬರೆದುಕೊಟ್ಟ ಮೀಥೈಲ್‌ಫೆನಿಡೇಟ್ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಹೋದ ಸಲ ಮಾತ್ರೆ ಮರೆತು ಬಂದಿದ್ದೆ (ಮರೆವಿನ ಮಾತ್ರೆಯನ್ನೇ ಮರೆತು!). ಊರಿನ ಮೂರು ಮೆಡಿಕಲ್ ಶಾಪ್ ಸುತ್ತಿದೆ. ಒಬ್ಬ ಚೀಟಿ ನೋಡಿ ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ತೋರಿಸಿದ್ದು ಇಲ್ಲೇ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ನಾನು ಮಾತ್ರ ಇನ್ನೂ ಬೆಂಗಳೂರಿಗೇ ಬಸ್ ಹತ್ತಬೇಕು.

ಮಾಮಾ ಹೋದ ಮೇಲೆ ಅಪ್ಪ ಅಂಗಳದಲ್ಲಿ ಕೂತಿದ್ದ. ನಾನು ಬೈಗುಳಕ್ಕೆ ತಯಾರಾಗಿಯೇ ಹೋದೆ. ಅವನು ಬಹಳ ಹೊತ್ತು ಸುಮ್ಮನಿದ್ದು ಅಂದ: "ನಂಗೂ ಒಂದ್ ಕಡೆ ಕುಂದ್ರಾಕ ಆಗ್ತಿದ್ದಿಲ್ಲಪಾ. ಶಾಣ್ಯಾ ಅಂತ ನಿಂತವನಲ್ಲ ನಾ. ಕೆಳಗ ಇಳಿದ್ರ ಶಿಫ್ಟ್ ಮುಗಿಯೋತನ ಮ್ಯಾಲ ಬರಂಗಿಲ್ಲ, ಅದಕ್ಕ ನಿಂತೆ. ಒಂದಿನ ಹೋಗ್ಲಿಲ್ಲಂದ್ರ ಜೋಡಿದಾರ ಮನಿಗೆ ಬರ್ತಿದ್ದ."

ನಾನು 32 ವರ್ಷವನ್ನು ಅಪ್ಪನ ಗುಣ ಅಂದುಕೊಂಡಿದ್ದೆ. ಅದರಲ್ಲಿ ಅರ್ಧ ಗಣಿಯ ಆಕಾರ! ಹೋಗುವ ಹೊತ್ತು ಗೊತ್ತು, ಬರುವ ಹೊತ್ತು ಗೊತ್ತು. ಇವತ್ತಿನ ಕೆಲಸ ಇವತ್ತೇ ಕಣ್ಣಿಗೆ ಕಾಣುತ್ತದೆ. ಪಕ್ಕದಲ್ಲಿ ಒಬ್ಬ ಜೋಡಿದಾರ. ನನ್ನ ಕೆಲಸದಲ್ಲಿ ಇದು ಯಾವುದೂ ಇಲ್ಲ. ಮೂರು ತಿಂಗಳಾಚೆಯ ಒಂದು ತಾರೀಖು ಕೊಟ್ಟು, 'ನಿನ್ನ ಕೆಲಸ ನೀನೇ ಪ್ಲಾನ್ ಮಾಡಿಕೋ' ಅನ್ನುತ್ತಾರೆ, ಅದನ್ನು ಸ್ವಾತಂತ್ರ್ಯ ಅಂತ ಕರೆಯುತ್ತಾರೆ. ಹಾಗಂತ ಗಣಿ ಸುಖ ಅನ್ನುತ್ತಿಲ್ಲ, ಅಪ್ಪನ ಕೆಮ್ಮು ನಾನು ಕೇಳಿ ಬೆಳೆದಿದ್ದೇನೆ. ನಾನು ಹೇಳುವುದು ಇಷ್ಟು: ನೌಕರಿ ಉಳಿಯದಿದ್ದರೆ ಮನುಷ್ಯನನ್ನು ಮಾತ್ರ ಯಾಕೆ ಬಿಚ್ಚಿ ನೋಡುತ್ತೀರಿ, ಆ ನೌಕರಿಯನ್ನೂ ಒಮ್ಮೆ ಬಿಚ್ಚಿ ನೋಡಿ.

ಇದನ್ನು ಓದುವವರಲ್ಲಿ ಅರ್ಧ ಜನ ಟೀಮ್ ಲೀಡುಗಳು, ಗೊತ್ತು ನನಗೆ. ನಾನು ಕೇಳುತ್ತಿರುವುದು ಕನಿಕರ ಅಲ್ಲ. ಬಾಯಲ್ಲಿ ಹೇಳಿದ್ದನ್ನು ಎರಡು ಸಾಲು ಬರೆದು ಕಳಿಸಿ. ಮೂರು ತಿಂಗಳ ಕೆಲಸವನ್ನು ವಾರದ ತುಂಡು ಮಾಡಿ, ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ನೋಡಿ. ಒಬ್ಬನೇ ಒದ್ದಾಡುವವನ ಪಕ್ಕ ಒಬ್ಬ ಜೋಡಿದಾರನನ್ನು ಕೂರಿಸಿ. ಇದಕ್ಕೆ ಎಷ್ಟು ದುಡ್ಡು ಬೇಕು? ಹೊಸಬನನ್ನು ಹುಡುಕಿ, ಇಂಟರ್‌ವ್ಯೂ ಮಾಡಿ, ಕೆಲಸ ಕಲಿಸುವುದಕ್ಕಿಂತ ಹೆಚ್ಚಾ?

ಸೋಮವಾರ ಹನ್ನೊಂದಕ್ಕೆ ನನ್ನ ರಿವ್ಯೂ. ಹತ್ತನೇ ತಿಂಗಳು, ಹಳೆಯ ಲಕ್ಷಣ ಎಲ್ಲ ಶುರುವಾಗಿವೆ, ಉತ್ತರ ಕೊಡದ ಮೇಲ್ ನಾಲ್ಕಿವೆ. ಈ ಸಲ ರಾಜೀನಾಮೆಯ ಬದಲು ಬೇರೆ ಒಂದು ಮೇಲ್ ಬರೆದಿಟ್ಟಿದ್ದೇನೆ, ಏಳು ಸಾಲು. ಕಾಯಿಲೆಯ ಹೆಸರು ಇದೆ, ಮೇಲೆ ಹೇಳಿದ ಮೂರು ಬೇಡಿಕೆ ಇವೆ. ನಾಲ್ಕನೇ ಕಂಪನಿಯಲ್ಲಿ ಏನಾಯಿತು ಅಂತ ಗೊತ್ತಿದ್ದೂ ಬರೆದಿದ್ದೇನೆ. ಮುಂದಿನ ವಾರ ಸಿಂಧನೂರಿನವರಿಗೆ ಮಾತು ಕೊಡಬೇಕು, ಅಣ್ಣ ನೌಕರಿಯಲ್ಲಿದ್ದಾನಾ ಅಂತ ಅವರು ಕೇಳಿಯೇ ಕೇಳುತ್ತಾರೆ. ಕಳಿಸಲೋ ಬೇಡವೋ ಅಂತ ಅಪ್ಪನನ್ನು ಕೇಳಿದೆ. "ಕಳ್ಸು, ಬಾಯಿ ಮುಚ್ಕೊಂಡು ಐದ್ ವರ್ಷ ನೋಡೀದಿ" ಅಂದ.

ಬಸ್ಸಿಗೆ ಹೊತ್ತಾಯ್ತು. ಈ ಸಲ ಮಾತ್ರೆ ಬ್ಯಾಗಿನಲ್ಲಿದೆ, ಎರಡು ಸಲ ನೋಡಿಕೊಂಡೆ. ಸೋಮವಾರ ಏನಾಯ್ತು ಅಂತ ಬರೀತೀನಿ... ಮರೀದಿದ್ರೆ :-)