ಎದೆನೋವಿಲ್ಲ, ಆದರೂ ಸ್ಕ್ಯಾನ್ ಬೇಕೆ?

‘ಅಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಎದೆನೋವಿಲ್ಲ. ಆದರೂ ಹೃದಯದ ಸ್ಕ್ಯಾನ್ ಮಾಡಿಸಬೇಕೆ?’ ಓದುಗರೊಬ್ಬರ ಪ್ರಶ್ನೆ.

ಆತಂಕ ಸಹಜವೇ. ಬಹುಕಾಲದ ಮಧುಮೇಹ ನರಗಳನ್ನು ಮಂದವಾಗಿಸುತ್ತದೆ. ಹೃದಯಕ್ಕೆ ರಕ್ತ ಸಾಲದಿದ್ದರೂ ನೋವು ತಿಳಿಯದಿರಬಹುದು. ಹಾಗೆಂದು ಎಲ್ಲರಿಗೂ ಸ್ಕ್ಯಾನ್ ಮಾಡಿಸಿದರೆ ಲಾಭವುಂಟೆ? ಅಮೆರಿಕ, ಕೆನಡಾಗಳಲ್ಲಿ ಹೃದ್ರೋಗದ ಲಕ್ಷಣಗಳಿಲ್ಲದ 1,123 ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗಷ್ಟೇ ಸ್ಕ್ಯಾನ್ ಮಾಡಿಸಿ, ಸುಮಾರು ಐದು ವರ್ಷ ಗಮನಿಸಿದರು. ಫಲಿತಾಂಶ ಪ್ರಕಟವಾದದ್ದು 2009ರಲ್ಲಿ. ಹೃದಯಾಘಾತವೋ ಹೃದ್ರೋಗದ ಸಾವೋ ಸಂಭವಿಸಿದ್ದು ಸ್ಕ್ಯಾನ್ ಆದವರಲ್ಲಿ 15 ಮಂದಿಗೆ, ಆಗದವರಲ್ಲಿ 17 ಮಂದಿಗೆ. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಎರಡೂ ಗುಂಪಿನಲ್ಲಿ ಔಷಧೋಪಚಾರ ಚೆನ್ನಾಗಿಯೇ ನಡೆದಿತ್ತು ಎಂಬುದನ್ನು ಮರೆಯಬಾರದು.

ಆದ್ದರಿಂದ ಸ್ಕ್ಯಾನಿಗೆ ದುಡ್ಡು ಸುರಿಯುವ ಮೊದಲು ಅಪ್ಪನ ಬಿ.ಪಿ., ಕೊಲೆಸ್ಟರಾಲ್, ಸಕ್ಕರೆ ಹತೋಟಿಯಲ್ಲಿವೆಯೇ ನೋಡಿ. ಬೀಡಿ, ಸಿಗರೇಟು ಇದ್ದರೆ ಬಿಡಿಸಿ (ಮಾತ್ರೆ ನುಂಗಿಸುವುದಕ್ಕಿಂತ ಇದು ಕಷ್ಟ, ಗೊತ್ತು).

ಆದರೆ ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು, ಕಾರಣವಿಲ್ಲದ ಸುಸ್ತು ಕಂಡರೆ ಮಾತು ಬೇರೆ. ಅದೇ ಲಕ್ಷಣ, ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ತಣ್ಣನೆ ಬೆವರು, ಉಸಿರುಕಟ್ಟುವಿಕೆ, ದವಡೆ ನೋವು ಬಂದರೆ ‘ಗ್ಯಾಸು’ ಎಂದು ಜೀರಿಗೆ ಕಷಾಯ ಕುಡಿಸುತ್ತ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಮನೆಯ ಮಕ್ಕಳಿಗೂ ಆ ಸಂಖ್ಯೆ ಬಾಯಿಪಾಠ ಇರಲಿ.