ಹಾಳೆಬಂಡಿ ಮತ್ತು ಹಳದಿ ವ್ಯಾನು

ಮೊನ್ನೆ ಮಧ್ಯಾಹ್ನ ಮಗಳನ್ನು ಕರಕೊಂಡು ಬರಲಿಕ್ಕೆ ಅಂಗನವಾಡಿಗೆ ಹೋದರೆ ಒಳಗೆ ಒಂದು ಪಿಳ್ಳೆಯೂ ಇಲ್ಲ. ಬಾಗಿಲು ತೆರೆದೇ ಉಂಟು, ಚಾಪೆ ಹಾಸಿದ್ದು ಹಾಗೇ ಉಂಟು. ಹಿಂದೆ ಹೋಗಿ ನೋಡಿದರೆ ಎಲ್ಲರೂ ಹಲಸಿನ ಮರದ ಬುಡದಲ್ಲಿ! ಸಹಾಯಕಿ ಅಕ್ಕ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಹಲಸು ಕೊರೆಯುತ್ತಿದ್ದರು. ಒಬ್ಬ ಅಡಿಕೆ ಹಾಳೆಯ ಮೇಲೆ ಕೂತಿದ್ದ, ಇನ್ನಿಬ್ಬರು ಅವನನ್ನು ಎಳೆಯುತ್ತಿದ್ದರು. ನನ್ನ ಮಗಳು ಹಲಸಿನ ಬೀಜ ಸಾಲಾಗಿ ಇಟ್ಟು ಎಣಿಸುತ್ತಿದ್ದಳು. ಒಂದು, ಎರಡು, ಮೂರು, ಐದು...

"ನಾಲ್ಕು ಎಲ್ಲಿ ಹೋಯ್ತು?" ಅಂದೆ.

"ಅದನ್ನು ಹುಗಿದು ಆಯ್ತು" ಅಂದಳು. ಮರ ಆಗಲಿಕ್ಕಂತೆ!

ಬರೆಯಬೇಕು ಅಂತ ಅನ್ನಿಸಿದ್ದು ಅಲ್ಲೇ.

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ವಸಂತ ಋತು ಅಂತ ಯಾರೂ ಹೇಳುವುದಿಲ್ಲ. ಅದೇನಿದ್ದರೂ ಕವಿಗಳಿಗೆ. ನಮಗೆ ಸುಗ್ಗಿ ತಿಂಗಳು, ಆಮೇಲೆ ಬಿಸು, ಆಮೇಲೆ ಪಗ್ಗು. ಗೇರುಹಣ್ಣಿನ ರಸ ಅಂಗಿಗೆ ಬಿದ್ದು ಕಲೆ ಆಗುವ ಕಾಲ. ಕಾಟುಮಾವು ಉದುರುವ ಕಾಲ, ತೋಟದಲ್ಲಿ ಸ್ಪ್ರಿಂಕ್ಲರ್ ಚಿಟಿಚಿಟಿ ಅನ್ನುವ ಕಾಲ. ಏಪ್ರಿಲ್ 17ಕ್ಕೆ ಪುತ್ತೂರು ಮಹಾಲಿಂಗೇಶ್ವರನ ತೇರು, ಅಲ್ಲಿಂದ ತಂದ ಪೀಪಿ ಮೂರು ದಿನ ಮನೆಯವರ ತಲೆ ತಿನ್ನುತ್ತದೆ. ಮೂರ್ನಾಲ್ಕು ವರ್ಷದ ಮಗುವಿಗೆ ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳುಗಳು ಇಡೀ ವರ್ಷದಲ್ಲಿ ಇಲ್ಲ. ಮಳೆಗಾಲದಲ್ಲಿ ಹೊರಗೆ ಬಿಡಲಿಕ್ಕೆ ಆಗುತ್ತದಾ ಹೇಳಿ.

ಆದರೆ ಇದೇ ತಿಂಗಳುಗಳಲ್ಲಿ ಇನ್ನೊಂದು ಬೆಳೆಯೂ ಬರುತ್ತದೆ. ಫ್ಲೆಕ್ಸ್ ಬೆಳೆ. 'ಅಡ್ಮಿಷನ್ ಓಪನ್'. ಬಸ್ ಸ್ಟ್ಯಾಂಡಿನಲ್ಲಿ, ಹಾಲಿನ ಸೊಸೈಟಿಯ ಎದುರು, ಭೂತದ ಕಟ್ಟೆಯ ಪಕ್ಕದಲ್ಲಿ ಕೂಡ. ಕಳೆದ ವರ್ಷ ನಮ್ಮ ಅಂಗನವಾಡಿಯಲ್ಲಿ 19 ಮಕ್ಕಳಿದ್ದರು, ಈಗ 11. ಜೂನಿನಲ್ಲಿ ಎಷ್ಟು ಉಳಿಯುತ್ತಾರೆ ಅಂತ ಟೀಚರಿಗೂ ಗೊತ್ತಿಲ್ಲ. ಪಾಪ, ಹಲಸಿನ ಹಣ್ಣು ತಿನ್ನಿಸುತ್ತಾ ಅವರು ಅಮ್ಮಂದಿರ ಮುಖವನ್ನೇ ನೋಡುತ್ತಿರುತ್ತಾರೆ.

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನದನ್ನು ಒಪ್ಪಿಕೊಂಡುಬಿಡುತ್ತೇನೆ. ದೊಡ್ಡ ಮಗನನ್ನು ಮೂರೂವರೆ ವರ್ಷಕ್ಕೇ ಹಳದಿ ವ್ಯಾನಿಗೆ ಹತ್ತಿಸಿದವನು ನಾನೇ. ಪೇಟೆಯ ಒಂದು ಶಾಲೆ, ಹೆಸರು ಬೇಡ. ಹೋಗುವುದಕ್ಕೆ ಮುಕ್ಕಾಲು ಗಂಟೆ, ಬರುವುದಕ್ಕೆ ಒಂದು ಗಂಟೆ. ಬರುವಾಗ ನಿದ್ದೆ ಮಾಡಿರುತ್ತಿದ್ದ, ಹೆಗಲಿಗೆ ಹಾಕಿಕೊಂಡು ತರಬೇಕಿತ್ತು. ಮನೆಗೆ ಬಂದ ಮೇಲೆ ನಿಂತ ಗೆರೆ, ಮಲಗಿದ ಗೆರೆ ಎರಡೆರಡು ಪುಟ ಬರೆಯಬೇಕು. ಒಂದು ದಿನ ಡೈರಿಯಲ್ಲಿ ಬಂತು: ಮಗು ತರಗತಿಯಲ್ಲಿ ತುಳು ಮಾತಾಡುತ್ತಿದೆ, ಗಮನಿಸಿ. ನಾನು ಗಮನಿಸಿದೆ ಮಾರಾಯ್ರೆ. ಸಹಿ ಹಾಕಿ ಕಳಿಸಿದೆ. ಇವತ್ತಿಗೂ ಆ ಸಹಿ ನೆನಪಾದರೆ ಒಂಥರಾ ಆಗುತ್ತದೆ.

ಅಂಗನವಾಡಿಯಲ್ಲಿ ಎಷ್ಟು ಭಾಷೆ ಉಂಟು ಗೊತ್ತಾ? ತುಳು ಮನೆಯ ಮಕ್ಕಳು, ಅರೆಭಾಷೆಯ ಗೌಡರ ಮಕ್ಕಳು, ಹವ್ಯಕರು, ಬ್ಯಾರಿಗಳು, ಗಡಿ ಕಡೆಯಿಂದ ಬಂದ ಮಲಯಾಳದವರು. ಇಷ್ಟು ಸಾಲದು ಅಂತ ರಬ್ಬರ್ ತೋಟದ ಕಡೆಯ ತಮಿಳು ಮಗು ಒಂದು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರಲ್ಲಿ ಹಲವರಿಗೆ ನಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರಲ್ಲ, ಅವರ ಮರಿಮಕ್ಕಳ ಕಾಲ ಇದು. ಆ ದಿನ ಒಬ್ಬ ಪೆಲಕಾಯಿ ಅಂದ, ಇನ್ನೊಬ್ಬಳು ಚಕ್ಕ ಅಂದಳು, ಆ ತಮಿಳು ಹುಡುಗಿ ಪಲಾ ಅಂದಳು. ಟೀಚರ್ ಯಾರನ್ನೂ ತಿದ್ದಲಿಲ್ಲ, "ಹೌದು, ಹಲಸು" ಅಂತಷ್ಟೇ ಹೇಳಿ ತೊಳೆ ಕೈಗೆ ಕೊಟ್ಟರು. ಕನ್ನಡ ಹಾಗೆ ತೊಳೆಯ ಜೊತೆಗೆ ಹೊಟ್ಟೆಗೆ ಹೋಯಿತು :-) ತಮಾಷೆ ಏನಂದರೆ, ನನ್ನ ಮಗ ಎಲ್‌ಕೆಜಿಯಲ್ಲಿ ಬಾಯಿಪಾಠ ಮಾಡಿದ 'ಜಾಕ್‌ಫ್ರೂಟ್' ಅನ್ನುವ ಪದ ಇದೆಯಲ್ಲ, ಆ 'ಜಾಕ್' ಮಲಯಾಳದ ಚಕ್ಕದಿಂದ ಪೋರ್ಚುಗೀಸರ ಬಾಯಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋದದ್ದು. ನಮ್ಮ ಪದವನ್ನೇ ಫೀಸು ಕೊಟ್ಟು ಕಲಿತದ್ದು!

ಮಾಂಟೆಸ್ಸರಿ ವಿಷಯವೂ ಹೀಗೇ. ಮರಿಯಾ ಮಾಂಟೆಸ್ಸರಿ 1907ರಲ್ಲಿ ಮೊದಲ 'ಮಕ್ಕಳ ಮನೆ' ತೆರೆದದ್ದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳಲಿಕ್ಕೆ. ಅಂದರೆ ಹೆಚ್ಚುಕಡಿಮೆ ನಮ್ಮ ಅಂಗನವಾಡಿಯೇ. ನಮ್ಮಲ್ಲಿ ಆ ಹೆಸರು ಕೇಳಿದರೆ ಮೊದಲು ನೆನಪಾಗುವುದು ಫೀಸು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ಶುರುಮಾಡುವ ವಿಚಾರಕ್ಕೆ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು, ಆಮೇಲೆ ಬೆಂಗಳೂರಿನಲ್ಲಿ 250 ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಅಂತ ಹೆಸರಾಯಿತು. ಹೆಸರು ಬದಲಾದರೆ ವ್ಯಾನಿಗೆ ಹತ್ತುವ ನಾಲ್ಕು ಮಕ್ಕಳು ಊರಲ್ಲೇ ಉಳಿಯುವುದಾದರೆ ನನ್ನದೇನೂ ತಕರಾರಿಲ್ಲ. ಹೆಸರಿನ ಹಿಂದೆಯೇ ಬೆಂಚು, ನಿಂತ ಗೆರೆ, ಮಲಗಿದ ಗೆರೆ ಬಂದರೆ? ಆಗ ಹಾಳೆ ಎಳೆಯುವವರು ಯಾರು?

ಪುತ್ತೂರಿನಲ್ಲಿ ಇದನ್ನು ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರಂತಜ್ಜ ಇಲ್ಲೇ ಪರ್ಲಡ್ಕದ ಬಾಲವನದಲ್ಲಿ ಕೂತು ಮಕ್ಕಳ ಜೊತೆ ಆಟ, ನಾಟಕ, ಕುಣಿತದ ಪ್ರಯೋಗ ಮಾಡಿದವರು. 'ಬಾಲಪ್ರಪಂಚ' ಬರೆದವರು. ಇವತ್ತು ಬಾಲವನಕ್ಕೆ ಮಕ್ಕಳನ್ನು ಕರಕೊಂಡು ಹೋಗಿ ಫೋಟೋ ತೆಗೆಸಿ ಬರುತ್ತೇವೆ, ಮರುದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ವ್ಯಾನಿನ ಹಾರ್ನ್.

ಅಂಗನವಾಡಿ ಬರೀ ಮಕ್ಕಳದ್ದಲ್ಲ ಅನ್ನುವುದು ನನಗೆ ಅರ್ಥವಾದದ್ದು ತಡವಾಗಿ. ಐ.ಸಿ.ಡಿ.ಎಸ್. ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ. ಅಲ್ಲೆಲ್ಲ ಕೇರಿ, ಬೀದಿ, ಅರಳಿಕಟ್ಟೆ ಉಂಟು. ನಮ್ಮಲ್ಲಿ ಮನೆ ಒಂದು ಗುಡ್ಡದ ಮೇಲೆ, ನೆರೆಮನೆ ಇನ್ನೊಂದು ಗುಡ್ಡದ ಕೆಳಗೆ, ನಡುವೆ ತೋಟ, ತೋಡು. ಜಾತಿ ಧರ್ಮ ಬಿಟ್ಟು ಎಲ್ಲರೂ ಒಟ್ಟಿಗೆ ಕೂರುವ ಜಾಗ ಯಾವುದು ಹೇಳಿ? ಡೈರಿಯಲ್ಲಿ ಹಾಲು ಹಾಕಿ ಎರಡು ನಿಮಿಷ ನಿಂತರೆ ಉಂಟು, ಮತ್ತೆ ಮತದಾನದ ಕ್ಯೂ. ಅಂಗನವಾಡಿಯಲ್ಲಾದರೆ ಬಾಲವಿಕಾಸ ಸಮಿತಿಯ ಮೀಟಿಂಗು ಉಂಟು, ಗರ್ಭಿಣಿಯರು ಬರುತ್ತಾರೆ, ಮಗುವಿನ ತೂಕ ನೋಡಲಿಕ್ಕೆ ಅಜ್ಜಿಯರು ಬರುತ್ತಾರೆ. ಕಳೆದ ಬಿಸುವಿನ ಮುಂಚೆ ಮಾಡಿನ ಹಂಚು ಸರಿಮಾಡಲಿಕ್ಕೆ ಏಣಿ ತಂದವರು ಒಬ್ಬರು, ಹಂಚು ಕೊಟ್ಟವರು ಇನ್ನೊಬ್ಬರು, ಹತ್ತಿದವರು ಮೂರನೆಯವರು. ಈ ಮೂವರೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವವರಲ್ಲ. ನಾನು? ಕೆಳಗೆ ನಿಂತು ಸಲಹೆ ಕೊಟ್ಟೆ. ಮಕ್ಕಳು ವ್ಯಾನ್ ಹತ್ತಿದರೆ ಈ ಏಣಿ ಯಾರ ಮನೆಯಿಂದ ಬರುತ್ತದೆ?

ವ್ಯಾನಿಗೆ ಹತ್ತಿಸುವವರನ್ನು ಬೈಯುವ ಹಾಗೂ ಇಲ್ಲ. ವ್ಯಾನ್ ಮನೆ ಬಾಗಿಲಿಗೆ ಬರುತ್ತದೆ, ಅಂಗನವಾಡಿಗೆ ಗುಡ್ಡ ಹತ್ತಬೇಕು. ಟೀಚರಿಗೆ ಮಕ್ಕಳ ಜೊತೆ ಕೂರಲಿಕ್ಕೆ ಪುರುಸೊತ್ತಾದರೂ ಎಲ್ಲಿ? ಸರ್ವೆ, ಮತದಾರರ ಪಟ್ಟಿ, ಮೊಬೈಲಿನಲ್ಲಿ ಫೋಟೋ ಅಪ್‌ಲೋಡು. ಇಷ್ಟು ಕೆಲಸಕ್ಕೆ ಕೊಡುವುದನ್ನು ಸಂಬಳ ಅಂತ ಕೂಡ ಕರೆಯುವುದಿಲ್ಲ, 'ಗೌರವಧನ'. ಇವರಿಗೂ ಗ್ರಾಚ್ಯುಟಿ ಕೊಡಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು ನೋಡಿ. ಟೀಚರನ್ನು ಆ ಉಳಿದ ಕೆಲಸಗಳಿಂದ ಬಿಡಿಸಿ, ಪಾಠ ಅವರೇ ನೋಡಿಕೊಳ್ಳುತ್ತಾರೆ.

ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕು ಅಂತ ನಿಯಮ ಬಂದಾಗ ಎಷ್ಟು ಗಲಾಟೆ ಆಯಿತು! ಕೊನೆಗೆ 2025ರ ಏಪ್ರಿಲಿನಲ್ಲಿ, ಆ ಒಂದು ವರ್ಷದ ಮಟ್ಟಿಗೆ ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳು ಸಾಕು ಅಂತ ಸರ್ಕಾರ ಸಡಿಲ ಮಾಡಿತು. ಮಕ್ಕಳ ಒಂದು ವರ್ಷ ಹಾಳಾಗುತ್ತದೆ ಅಂತ ಅಪ್ಪ ಅಮ್ಮಂದಿರ ವಾದ. ನನಗೆ ಅದು ಇನ್ನೊಂದು ಗೇರುಹಣ್ಣಿನ ಕಾಲ, ಇನ್ನೊಂದು ಹಲಸಿನ ಕಾಲ ಸಿಕ್ಕಿದ ಹಾಗೆ ಕಾಣಿಸುತ್ತದೆ. ಯಾವ ವರ್ಷ ಹಾಳಾಯಿತು ಅಂತ ನನ್ನ ದೊಡ್ಡ ಮಗನನ್ನು ನೋಡಿ ನಾನು ಹೇಳಬಲ್ಲೆ.

ಮಗಳಿಗೆ ಜೂನಿನಲ್ಲಿ ನಾಲ್ಕು ತುಂಬುತ್ತದೆ. ಪೇಟೆ ಶಾಲೆಯ ಅರ್ಜಿ ಫಾರಂ ಟಿ.ವಿ. ಮೇಲೆ ಬಿದ್ದುಕೊಂಡಿದೆ, ತಂದದ್ದು ಅತ್ತೆಯ ಕಡೆಯವರು. ನಾನು ಬೇಡ ಅಂದಿದ್ದೇನೆ. ಹೆಂಡತಿ "ನಾಳೆ ಅವಳೇ ಕೇಳಿದರೆ ಏನು ಹೇಳ್ತೀರಿ, ಅಣ್ಣನಿಗೊಂದು ನನಗೊಂದಾ ಅಂತ?" ಅಂದಳು. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಬರೆಯಿರಿ.

ಅಂದ ಹಾಗೆ, ಆ ನಾಲ್ಕನೇ ಬೀಜಕ್ಕೆ ಮಗಳು ದಿನಾ ನೀರು ಹಾಕುತ್ತಿದ್ದಾಳಂತೆ, ಕುಡಿಯುವ ಬಾಟಲಿಯಿಂದ. ಟೀಚರ್ ಕಂಪ್ಲೇಂಟ್ ಮಾಡಿದ್ದಾರೆ.