ಯಾರ ಪರ ವಕೀಲರಾಗುತ್ತೀರಿ?

ಗೆಳೆಯರೇ, ಬೋಳಾರದ ರೂಮುಗಳಲ್ಲಿ ಕೂತು ಲಾ ಓದುತ್ತಿರುವವರಿಗೆ ಈ ಮಾತು. ನಾಳೆ ಸರ್ಕಾರಿ ವಕೀಲರಾದರೆ ಪರಿಹಾರದ ಅರ್ಜಿಗಳು ನಿಮ್ಮ ಮೇಜಿಗೂ ಬರುತ್ತವೆ.

ವಿಕಿರಣಕ್ಕೆ ಸಿಕ್ಕವರಿಗೆ ಅಮೆರಿಕ 1990ರಲ್ಲಿ ಪರಿಹಾರದ ಕಾನೂನು ಮಾಡಿತು. ಯುರೇನಿಯಂ ಗಣಿಯಲ್ಲಿ ದುಡಿದವರಿಗೆ 1 ಲಕ್ಷ ಡಾಲರ್. ಅರ್ಜಿ ನೋಡುವುದು ನ್ಯಾಯ ಇಲಾಖೆಯ ವಕೀಲರು. ಸತ್ತ ನವಾಹೊ ಕಾರ್ಮಿಕನ ಹೆಂಡತಿ ಮದುವೆಯ ಕಾಗದ ತೋರಿಸಬೇಕಾಯಿತು! ಕುಲದ ಪದ್ಧತಿಯಲ್ಲಿ ಮದುವೆಯಾದವಳ ಹತ್ತಿರ ಕಾಗದ ಎಲ್ಲಿಂದ ಬರಬೇಕು? ನಿಮ್ಮ ಅಮ್ಮಂದಿರ ಹತ್ತಿರ ಇದೆಯಾ, ಕೇಳಿ ನೋಡಿ. ಬುಡಕಟ್ಟಿನ ಪದ್ಧತಿಯನ್ನೂ ಗಮನಿಸಿ ಅನ್ನುವ ತಿದ್ದುಪಡಿ ಬಂದದ್ದು 2000ದಲ್ಲಿ.

ಅಷ್ಟು ದೂರ ಯಾಕೆ? ಗಡಿ ದಾಟಿದರೆ ಕಾಸರಗೋಡಿನ ಎಣ್ಮಕಜೆ. ಕೇರಳ ಸರ್ಕಾರದ್ದೇ ನಿಗಮ ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದು ವಿಕಿರಣವಲ್ಲ, ವಿಷ. ಆದರೆ ಸಾಬೀತು ಮಾಡುವ ಹೊರೆ ಇಲ್ಲಿಯೂ ನರಳುವವರ ತಲೆಯ ಮೇಲೆಯೇ. ತಲಾ 5 ಲಕ್ಷ ರೂಪಾಯಿ 3 ತಿಂಗಳಲ್ಲಿ ಕೊಡಿ ಅಂತ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ನೋಡಿದರೆ, 3,704 ಜನರಲ್ಲಿ ಹಣ ಮುಟ್ಟಿದ್ದು ಎಂಟೇ ಎಂಟು ಮಂದಿಗೆ. ಅವರೂ ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದವರು. ಉಳಿದವರಿಗೆ ದಿಲ್ಲಿಯ ದಾರಿ ಯಾರು ತೋರಿಸಬೇಕಿತ್ತು?

ರಜೆಯಲ್ಲಿ ಎಣ್ಮಕಜೆಗೆ ಹೋಗಿ ಬನ್ನಿ. ಯಾರ ಅರ್ಜಿ ಯಾವ ಕಾಗದವಿಲ್ಲದೆ ನಿಂತಿದೆ ಅಂತ ಬರೆದುಕೊಂಡು ಬನ್ನಿ.